ದನದ ಮೇವು ತಿನ್ನುವ ಡಾಕ್ಟರ್‌ಬಾಯಿ

ಸದಲಗಾಕ್ಕೆ ಬಂದ ಮೊದಲ ವಾರದಲ್ಲೇ, ನಾನು ದನದ ಮೇವು ತಿನ್ನುವ ಹೆಂಗಸು ಎಂಬ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಸುದ್ದಿ ಪೂರ್ತಿ ಸುಳ್ಳೇನಲ್ಲ. ನಾನು ಪಶುವೈದ್ಯೆ. ಎಮ್ಮೆಗೆ ಹಸಿಮೇವು ಬೇಕು, ಓಟ್ಸ್ ಬಿತ್ತಿ ಎಂದು ಹಗಲೆಲ್ಲ ರೈತರ ಬೆನ್ನು ಹತ್ತುವವಳು. ಬೆಳಿಗ್ಗೆ ಎದ್ದರೆ ಅದೇ ಓಟ್ಸಿನ ಕಾಳನ್ನು ಗಂಜಿ ಮಾಡಿಕೊಂಡು ತಿನ್ನುವವಳು. ಮನೆಯೊಡತಿ ತಾರಾಬಾಯಿ ನನ್ನ ಬಟ್ಟಲನ್ನೊಮ್ಮೆ, ಹಿತ್ತಲಿನ ಎಮ್ಮೆಯನ್ನೊಮ್ಮೆ ನೋಡಿ, "ಯಾಕ್ರಿ ಬಾಯಿ, ಪಗಾರ ಇನ್ನಾ ಆಗಿಲ್ಲೇನ್ರಿ?" ಎಂದರು. ಪಗಾರ ಎಂದರೆ ಸಂಬಳ.

ಗುಂಡ್ಲುಪೇಟೆಯ ನನ್ನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಾಯಿ ಎಂದರೆ ತುತ್ತು ಹೋಗುವ ದಾರಿ. ಇಲ್ಲಿ ಅದು ಮರಾಠಿಯಿಂದ ಬಂದ ಮರ್ಯಾದೆಯ ಮಾತು, ಹೆಂಗಸರ ಹೆಸರಿನ ಬಾಲ. ನಾನು ಹೋದಲ್ಲೆಲ್ಲ "ಬಾಯಿ ಬಂದ್ರು" ಅನ್ನುತ್ತಿದ್ದರು. ನನಗೋ, ಬಾಯಿಬಡುಕಿ ಬಂದಳು ಅಂದ ಹಾಗೆ ಕೇಳಿಸಿ ಮೈ ಉರಿಯುತ್ತಿತ್ತು. ರಾಜ್ಯದ ಆ ತುದಿಯಿಂದ ಈ ತುದಿಗೆ ವರ್ಗವಾದವಳಿಗೆ ಇದೂ ಕನ್ನಡವೇ ಎಂದು ನಂಬಲು ಸ್ವಲ್ಪ ದಿನ ಹಿಡಿಯಿತು. ಇಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಮುದ್ದೆ ಯಾರಿಗೂ ಗೊತ್ತಿಲ್ಲ. ಬಸ್ಸಾರಿನ ವರ್ಣನೆ ಕೇಳಿದ ತಾರಾಬಾಯಿ, "ಪಲ್ಯಾ ಬೇಯಿಸಿದ ನೀರು ಚೆಲ್ಲೂದು ಬಿಟ್ಟು ಉಣ್ತೀರೇನ?" ಎಂದು ಕನಿಕರಪಟ್ಟರು. ಮೊದಮೊದಲು ಭಾನುವಾರಗಳಂದು ಮಹಡಿಯ ಕೋಣೆಯಲ್ಲಿ ಕೂತು ಅಳುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಮೇಲೆ ರೊಟ್ಟಿ ತಟ್ಟಲು ಕಲಿತೆ, ಅಳು ನಿಂತಿತು.

ಓಟ್ಸ್ ಮಾತ್ರ ಬಿಡಲಿಲ್ಲ. ಅದಕ್ಕೆ ಕಾರಣ ನನ್ನಪ್ಪ. ರಕ್ತದಲ್ಲಿ ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಏರಿದ್ದವು. ಓಟ್ಸ್ ತಿನ್ನು ಎಂದರೆ, "ಗಂಜಿ ಕುಡಿಯಕ್ಕೆ ನಾನೇನು ಹಾಸಿಗೆ ಹಿಡಿದಿದ್ದೀನಾ?" ಎನ್ನುತ್ತಿದ್ದ. ಹಾಸಿಗೆ ಹಿಡಿಯಲೇ ಇಲ್ಲ, ಎದೆ ಹಿಡಿದುಕೊಂಡು ಹೋಗಿಬಿಟ್ಟ. ಮರುವರ್ಷ ನನ್ನ ರಕ್ತ ಪರೀಕ್ಷೆಯೂ ಅಪ್ಪನ ದಾರಿಯನ್ನೇ ತೋರಿಸಿತು. ಆಗ ಶುರು ಮಾಡಿದ್ದು. ಓಟ್ಸ್ ಬೆಂದಾಗ ಲೋಳೆಯಾಗುತ್ತದಲ್ಲ, ಆ ಅಂಟು ನಾರೇ ಅದರ ಸತ್ವ. ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸುತ್ತದೆ, ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುತ್ತದೆ, ಮಧ್ಯಾಹ್ನದ ತನಕ ಹಸಿವು ಕಾಡದು. ಆದರೆ ದಿನಾ ತಿನ್ನಬೇಕು, ನೀರು ಚೆನ್ನಾಗಿ ಕುಡಿಯಬೇಕು, ಮಾತ್ರೆ ಬಿಡಬಾರದು. ಬಣ್ಣದ ಪೊಟ್ಟಣದ ಸಿಹಿ ಓಟ್ಸ್ ತಿಂದರೆ ತಿಂದಿದ್ದೂ ದಂಡ. ಸಾದಾ ಓಟ್ಸಿಗಾಗಿ ನಾನು ನಿಪ್ಪಾಣಿಗೆ ಹೋಗುತ್ತೇನೆ.

ಒಂದು ಸಂಜೆ ತಾರಾಬಾಯಿ ಮಹಡಿ ಹತ್ತಿ ಬಂದರು. ಗಂಡ ಅಪ್ಪಾಸಾಹೇಬರನ್ನು ಚಿಕ್ಕೋಡಿಯ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಕಬ್ಬು, ಎಮ್ಮೆ, ಗಟ್ಟಿ ದನಿ, ಗಟ್ಟಿ ಹಟ ಎಲ್ಲ ಇರುವ ಮನುಷ್ಯ. ಮೂರು ತಿಂಗಳು ಪಥ್ಯ ಮಾಡಿ, ರಕ್ತದ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಎಂದಿದ್ದರಂತೆ ಡಾಕ್ಟರು.

"ಸೂಜಿ ಅಂದ್ರ ಹೆದರ್ತಾರ್ರಿ ಅವರು. ನಮ್ಮ ಎಮ್ಮಿ ಬದುಕಿಸೀರಿ, ಇವರನ್ನಷ್ಟ ನೋಡ್ರಿ."

ಕೆಳಗಿನಿಂದ ಉತ್ತರ ಬಂತು: "ಎಮ್ಮಿ ತಿನ್ನೂದು ನಾ ತಿನ್ನಂಗಿಲ್ಲ."

ಉಪಾಯ ಹೂಡಿದವರು ತಾರಾಬಾಯಿಯೇ. ನಮ್ಮಲ್ಲಿ ನುಚ್ಚು ಎಂದರೆ ಒಡೆದ ಅಕ್ಕಿ. ಇಲ್ಲಿ ಒಡೆದ ಜೋಳ ಬೇಯಿಸಿ ಹಾಲನ್ನೋ ಮಜ್ಜಿಗೆಯನ್ನೋ ಸುರಿದು ಉಣ್ಣುವ ಊಟ. ಅವರು ಓಟ್ಸನ್ನು ಗಟ್ಟಿಯಾಗಿ ಬೇಯಿಸಿ, ಹಾಲು ಹಾಕಿ, "ನುಚ್ಚ ಐತಿ, ಉಣ್ರಿ" ಎಂದು ಇಟ್ಟರು. ಗಂಜಿ ರೋಗಿಯದು, ನುಚ್ಚು ದುಡಿಯುವವನದು. ಅಪ್ಪಾಸಾಹೇಬರು ಬಟ್ಟಲು ಬಳಿದು ಉಂಡರು. ಹೆಸರು ಬದಲಾದರೆ ಹೊಟ್ಟೆ ಒಪ್ಪುತ್ತದೆ ಎಂದು ನಾನು ಬೀಗಿದೆ.

ಮೂರು ತಿಂಗಳಿಗೆ ರಕ್ತ ಪರೀಕ್ಷೆ ಆಯಿತು. ಸಕ್ಕರೆ ಮೊದಲಿಗಿಂತ ಹೆಚ್ಚಾಗಿತ್ತು. ಇನ್ನೊಂದೇ ಅವಕಾಶ ಎಂದರು ಡಾಕ್ಟರು. ನನಗೆ ತಲೆ ಕೆಟ್ಟಿತು. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಕೆಳಗಿಳಿದೆ. ಅಪ್ಪಾಸಾಹೇಬರು ಬಟ್ಟಲಿಗೆ ಕಾಕವಿ ಸುರಿದುಕೊಳ್ಳುತ್ತಿದ್ದರು. ಕಾಕವಿ ಎಂದರೆ ಗಾಣದ ಮನೆಯಲ್ಲಿ ಬೆಲ್ಲ ಗಟ್ಟಿಯಾಗುವ ಮೊದಲಿನ ಪಾಕ.

"ಸಕ್ಕರೆ ಬಿಟ್ಟೆ ಅಂದ್ರಲ್ಲ ಕಾಕಾ?"

"ಬಿಟ್ಟೀನ್ರಿ. ಸಕ್ರಿ ಫ್ಯಾಕ್ಟರಿದು. ಇದು ನಮ್ಮ ಹೊಲದ್ದು."

ಸುಳ್ಳು ಹೇಳುವ ಮುಖವಲ್ಲ ಅದು. ನಿಜಕ್ಕೂ ಹಾಗೇ ನಂಬಿದ್ದರು.

"ಹಿಂಡಿ ಹೆಚ್ಚು ತಿಂದ ಎಮ್ಮೆಯ ಹೊಟ್ಟೆ ಉಬ್ಬುತ್ತೆ. ಹಿಂಡಿ ಮನೇದೋ ಅಂಗಡೀದೋ ಅಂತ ಹೊಟ್ಟೆ ಕೇಳುತ್ತಾ?" ಎಂದೆ.

ಅವರ ಮುಖ ಕಪ್ಪಿಟ್ಟಿತು. "ಹುಟ್ಟಿದಾಗಿಂದ ಇದನ್ನ ಬೆಳದೀನ್ರಿ. ನನ್ನ ಕಬ್ಬ ನನಗ ವಿಷ ಅಂತೀರೇನು?"

"ನಮ್ಮಪ್ಪನೂ ನನ್ನ ಮಾತು ಕೇಳಲಿಲ್ಲ, ಹೋದ. ನೀವೂ ಕೇಳಬೇಡಿ," ಎಂದು ಮೆಟ್ಟಿಲು ಹತ್ತಿಬಿಟ್ಟೆ. ಬಾಡಿಗೆಯವಳು ಮನೆಯ ಯಜಮಾನನಿಗೆ ಆಡುವ ಮಾತಲ್ಲ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

ಅವರು ನನ್ನೊಡನೆ ಮಾತು ಬಿಟ್ಟರು. ಕಾಕವಿಯ ಡಬ್ಬಿಯನ್ನು ಮಾತ್ರ ಪಕ್ಕದೂರು ಭೋಜದಲ್ಲಿರುವ ಮಗಳ ಮನೆಗೆ ಕಳಿಸಿದ್ದಾರೆಂದು ತಾರಾಬಾಯಿ ಪಿಸುಗುಟ್ಟಿದರು. ನುಚ್ಚಿಗೆ ಈಗ ಹುಳಿ ಮಜ್ಜಿಗೆ, ಪಕ್ಕದಲ್ಲಿ ಶೇಂಗಾ ಚಟ್ನಿ. ನನಗೂ ಒಂದು ಬಟ್ಟಲು ಮೇಲೆ ಬರತೊಡಗಿತು. ಹಾಲಿನ ಗಂಜಿಗಿಂತ ಇದೇ ರುಚಿ, ಸುಳ್ಳಾಡಲಾರೆ.

ಅಪ್ಪನ ತಿಥಿಗೆಂದು ನಾನು ಗುಂಡ್ಲುಪೇಟೆಗೆ ಹೋಗಿದ್ದಾಗ ಮುಂದಿನ ಪರೀಕ್ಷೆ ಬಿತ್ತು. ಅಮ್ಮ ಅಪ್ಪನಿಗಿಷ್ಟವೆಂದು ವಡೆ, ಕಜ್ಜಾಯ ಕರಿಯುತ್ತಿದ್ದಳು. ಯಾವುದು ಬೇಡವೆಂದು ಅವನೊಡನೆ ಜಗಳವಾಡಿದ್ದೆನೋ ಅದನ್ನೇ ನಾನು ಎಲೆಗೆ ಜೋಡಿಸುತ್ತಿದ್ದೆ. ಆಗ ಫೋನು ಬಂತು. ತಿಂಗಳುಗಳಿಂದ ಕೇಳದ ಗಟ್ಟಿ ದನಿ.

"ಬಾಯಿ, ಸಕ್ರಿ ಇಳದೈತ್ರಿ. ಕೊಲೆಸ್ಟ್ರಾಲೂ ಇಳದೈತಿ. ಗುಳಿಗಿ ಚಾಲೂ ಇರ್ಲಿ, ಸೂಜಿ ಬ್ಯಾಡ ಅಂದಾರ. ಪಥ್ಯ ಹೇಳಿದ ಡಾಕ್ಟರು ಯಾರು ಅಂತ ಕೇಳಿದ್ರು. ದನದ ಡಾಕ್ಟರು ಅಂದೆ."

ತಿಥಿಯ ಮನೆಯಲ್ಲಿ ಜೋರಾಗಿ ನಕ್ಕುಬಿಟ್ಟೆ. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು.

"ಮನಿಗಿ ಯಾವಾಗ ಬರ್ತೀರಿ?" ಎಂದು ಕೇಳಿದರು.

ಮನೆಯಲ್ಲೇ ಇದ್ದೀನಲ್ಲ ಎನ್ನಬೇಕಿತ್ತು. "ನಾಡಿದ್ದ ಬರ್ತೀನ್ರಿ," ಎಂದೆ.

ಅಮ್ಮ ಬಾಣಲೆಯಿಂದ ತಲೆ ಎತ್ತಿದಳು. "ಯಾರ ಜೊತೆ ಹಾಗೆ ಮಾತಾಡ್ತಿದ್ದೀಯೇ?"

ಅಪ್ಪನ ಜೊತೆ ಎಂದು ನಾಲಿಗೆ ತುದಿಗೆ ಬಂದಿತ್ತು.