ಎಡ ಪಕ್ಕೆಯ ಗೀರುಗಳು

ಪರೀಕ್ಷಾ ಕೊಠಡಿಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುವುದರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ನನಗೆ ಹೆಸರಿತ್ತು. ವೇಣೂರಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ಮಕ್ಕಳ ಮುಖವನ್ನು ನಾನು ನೋಡುತ್ತಲೇ ಇರಲಿಲ್ಲ. ಸಿಕ್ಕಿಬೀಳುವ ಗಳಿಗೆಯಲ್ಲಿ ಎಲ್ಲರ ಮುಖವೂ ಏನೂ ಅರಿಯದ ಪಾಪದ್ದೇ. ನಾನು ನೋಡುತ್ತಿದ್ದದ್ದು ಕೈಗಳನ್ನು. ಕೈ ನೋಡಿದರೆ ಎಲ್ಲ ಗೊತ್ತಾಗುತ್ತದೆ ಎಂದು ಹೊಸದಾಗಿ ಬಂದ ಟೀಚರುಗಳಿಗೆ ಪಾಠ ಬೇರೆ ಮಾಡುತ್ತಿದ್ದೆ. ಆ ಜಂಬ ಇಳಿದ ಕಥೆ ಇದು.

ನನ್ನ ತಮ್ಮ ಗುರುವಾಯನಕೆರೆಯಲ್ಲಿ ಟಿ.ವಿ., ರೇಡಿಯೊ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ಅಂಗಡಿ ಮುಚ್ಚಿ ಬೈಕಿನಲ್ಲಿ ಹೊರಟವನಿಗೆ ಜೀಪು ಗುದ್ದಿತು. ಮಂಗಳೂರಿನಲ್ಲಿ ತಲೆಯ ಆಪರೇಷನ್ ಆಯಿತು, ಜೀವ ಉಳಿಯಿತು. ಒಂದು ತಿಂಗಳ ಮೇಲೆ ಕಣ್ಣು ತೆರೆದ. ಮನೆಮಂದಿಯೆಲ್ಲ ಕೈಮುಗಿದೆವು. ಆದರೆ ತೆರೆದ ಕಣ್ಣು ಯಾರನ್ನೂ ಹುಡುಕಲಿಲ್ಲ. "ಎಚ್ಚರ ಉಂಟು, ಅರಿವು ಉಂಟಾ ಅಂತ ಹೇಳ್ಲಿಕ್ಕೆ ಆಗುವುದಿಲ್ಲ" ಎಂದರು ಅಲ್ಲಿಯ ಡಾಕ್ಟರು.

ಅವನನ್ನು ಮೂಡುಬಿದಿರೆಯ ಆಚೆ, ಮಂಗಳೂರು ರಸ್ತೆಯ ಒಂದು ಆರೈಕೆ ಮನೆಗೆ ಸೇರಿಸಿದೆವು. ಹಳೆಯ ಹಂಚಿನ ಮನೆ, ನಾಲ್ಕೇ ಬೆಡ್. ನಾಲ್ವರೂ ತಲೆಗೆ ಪೆಟ್ಟು ಬಿದ್ದವರು, ನಾಲ್ವರಿಗೂ ಮಾತಿಲ್ಲ. ಮಂಗಳೂರಿನಿಂದ ಮಂಗಳವಾರ ಮತ್ತು ಶನಿವಾರ ಡಾಕ್ಟರು ಬರುತ್ತಿದ್ದರು. ಮೊದಲ ದಿನವೇ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಆರು ತಿಂಗಳು ನೋಡುವ. ಅವರಾಗಿಯೇ ಬೇಕೆಂದು ಮಾಡಿದ ಒಂದು ಕೆಲಸ ಕಂಡರೆ ಸಾಕು, ಮುಂದುವರಿಸುವ. ಇಲ್ಲದಿದ್ದರೆ ಮನೆಗೆ ಕರ್ಕೊಂಡು ಹೋಗಿ. ಈ ಬೆಡ್ಡಿಗೆ ಕಾಯುವವರಿದ್ದಾರೆ." ಮನೆ ಎಂದರೆ ಬಂಟ್ವಾಳ ಪೇಟೆಯಲ್ಲಿ ಕಡಿದಾದ ಮೆಟ್ಟಿಲು ಹತ್ತಬೇಕಾದ ಬಾಡಿಗೆಯ ಮಹಡಿ, ಮಂಡಿನೋವಿನ ನಮ್ಮಮ್ಮ. ಅಲ್ಲಿಗೆ ಹೋದರೆ ತಮ್ಮ ಹೆಚ್ಚು ದಿನ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಐದು ತಿಂಗಳು ಆಗಲೇ ಕಳೆದಿತ್ತು.

ಶಾಲೆ ಬಿಟ್ಟ ಕೂಡಲೇ ಮೂಡುಬಿದಿರೆಯ ಬಸ್ಸು ಹಿಡಿದು ಸಂಜೆ ಹೋಗುತ್ತಿದ್ದೆ. ಹೋಗಿ ಮಾಡುತ್ತಿದ್ದದ್ದು ಸೇವೆಯಲ್ಲ, ತಪಾಸಣೆ. ಫ್ಲಾಸ್ಕ್ ಅಲ್ಲಾಡಿಸಿ ಗಂಜಿತಿಳಿ ಎಷ್ಟು ಉಳಿದಿದೆ ನೋಡುತ್ತಿದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೋ ಇಲ್ಲವೋ ಎಂದು ಪತ್ತೆಮಾಡಲು ದಿಂಬಿನ ಮೂಲೆಗೆ ಚಾಕ್‌ಪೀಸಿನಲ್ಲಿ ಸಣ್ಣ ಗುರುತು ಹಾಕಿ ಬರುತ್ತಿದ್ದೆ. ಮರುದಿನ ಗುರುತು ಅಳಿಸಿದ್ದರೆ, ಇವರಿಗೆ ನನ್ನ ಗುರುತು ಗೊತ್ತಾಗಿಬಿಟ್ಟಿದೆ ಎಂದು ಅದಕ್ಕೂ ಅನುಮಾನ.

ಹಗಲು ತಮ್ಮನನ್ನು ನೋಡಿಕೊಳ್ಳುತ್ತಿದ್ದ ಆಯಾ ಹತ್ತಿರದ ತೋಡಾರಿನವಳು, ಬ್ಯಾರಿ ಮುಸ್ಲಿಂ ಹೆಂಗಸು. ಐವತ್ತು ದಾಟಿದ ವಿಧವೆ. ಆಕೆಯ ಬಾಯಿಗೆ ಬಿಡುವೇ ಇರಲಿಲ್ಲ. ಮೈ ಒರೆಸುವಾಗ, ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವಾಗ ತಮ್ಮನ ಹತ್ತಿರ ಮಾತಾಡುತ್ತಲೇ ಇರುತ್ತಿದ್ದಳು. ಇವತ್ತು ಬಂಗುಡೆ ಚೆನ್ನಾಗಿರಲಿಲ್ಲ ತಮ್ಮಾ, ಬಸ್ಸಿನಲ್ಲಿ ಒಬ್ಬ ಕಾಲು ತುಳಿದ ತಮ್ಮಾ, ಹೀಗೆ. ಕೇಳಿಸಿಕೊಳ್ಳದವನ ಹತ್ತಿರ ಇಷ್ಟು ಮಾತಾಡುವುದು ನನಗೆ ಕೇಳಿಸಲೆಂದೇ ಇರಬೇಕು ಎಂದುಕೊಂಡಿದ್ದೆ.

ಒಂದು ಸೋಮವಾರ ಸಂಜೆ ನಾನು ಬಸ್ಸು ಇಳಿಯುವಾಗ ಆಕೆ ಗೇಟಿನ ಹತ್ತಿರ ನಿಂತಿದ್ದಳು. ಅದುವರೆಗೆ ಒಂದು ದಿನವೂ ಹಾಗೆ ನಿಂತವಳಲ್ಲ. ಮುಖ ತುಂಬ ನಗು. ನನಗೆ ಅಲ್ಲಿಯೇ ಅನುಮಾನ ಬಂತು. ಏನೋ ತಪ್ಪಾಗಿದೆ, ಅದಕ್ಕೇ ಬೆಣ್ಣೆ ಹಚ್ಚಲು ಬಂದಿದ್ದಾಳೆ.

"ಟೀಚರೇ, ಇವತ್ತು ನಿಮ್ಮ ತಮ್ಮ ತಾನೇ ತುರಿಸಿಕೊಂಡರು!" ಎಂದಳು.

ಒಳಗೆ ಹೋಗಿ ಹೊದಿಕೆ ಸರಿಸಿದೆ. ಎಡ ಪಕ್ಕೆಯಲ್ಲಿ ಅಂಗೈ ಅಗಲದ ಕೆಂಪು, ಅದರ ಮೇಲೆ ಮೂರು ನಾಲ್ಕು ಉಗುರಿನ ಗೀರು. ಐದು ತಿಂಗಳಿನಿಂದ ಬೆರಳು ಅಲ್ಲಾಡಿಸದವನು ತಾನೇ ತುರಿಸಿಕೊಂಡನಂತೆ! ಹೋಂವರ್ಕನ್ನು ದನ ತಿಂದಿತು ಎಂದ ಹುಡುಗರನ್ನು ನೋಡಿದವಳು ನಾನು. ಆಕೆಯ ಕೈ ಎಳೆದು ಉಗುರು ನೋಡಿದೆ. ಬೆರಳಿನ ತುದಿಗೆ ಸಮನಾಗಿ ಕತ್ತರಿಸಿದ ಚೊಕ್ಕ ಉಗುರುಗಳು. ಮಧ್ಯಾಹ್ನವೇ ಕತ್ತರಿಸಿಕೊಂಡಿದ್ದಾಳೆ, ಘಾಟಿ ಹೆಂಗಸು, ಎಂದುಕೊಂಡೆ. ಆಕೆಯ ನಗು ನಿಂತುಹೋಯಿತು.

ಮಂಗಳವಾರ ಡಾಕ್ಟರು ಬರಲಿಲ್ಲ, ಊರಲ್ಲಿಲ್ಲವಂತೆ. ಅಂದು ಸಂಜೆಗೆ ಆ ಕೆಂಪಿನ ಮೇಲೆ ನೀರುಗುಳ್ಳೆಗಳು ಎದ್ದಿದ್ದವು. ಬಿಸಿನೀರು ಎಂದು ನನ್ನ ಮನಸ್ಸು ತೀರ್ಮಾನಿಸಿಯೇಬಿಟ್ಟಿತು. ಆಯಾ ಗುಳ್ಳೆಯಿಂದ ಒಸರುವ ನೀರನ್ನು ಹತ್ತಿಯಿಂದ ಒತ್ತಿ ತೆಗೆಯುತ್ತಿದ್ದಳು.

"ಇದೆಂತ?" ಎಂದೆ.

"ಆ ಬದಿಗೆ ಬಟ್ಟೆ ತಾಗಿಸುವುದು ಬೇಡ ಟೀಚರೇ, ಅವರಿಗೆ ತುಂಬ ಉರಿ ಉಂಟು."

"ಉರಿ ಉಂಟೂಂತ ಅವನು ನಿಮ್ಮ ಹತ್ತಿರ ಹೇಳಿದನಾ? ಇದೆಂತ ಅಂತ ಕೇಳಿದ್ದು ನಾನು."

ಆಕೆ ತಲೆ ತಗ್ಗಿಸಿದಳು. "ಡಾಕ್ಟ್ರು ಬಂದು ಹೇಳ್ಲಿ. ನಾನು ಹೇಳುವಂಥದ್ದಲ್ಲ ಅದು."

ಪರೀಕ್ಷಾ ಕೊಠಡಿಯಲ್ಲಿ ತಲೆ ತಗ್ಗಿಸಿದವರೆಲ್ಲ ತಪ್ಪು ಮಾಡಿದವರೇ ಆಗಿರುತ್ತಿದ್ದರು. ನಾನು ನೇರ ಮ್ಯಾನೇಜರರ ಕೋಣೆಗೆ ಹೋದೆ. ಇವಳು ಬಿಸಿನೀರು ಚೆಲ್ಲಿದ್ದಾಳೆ, ಉಗುರು ತಾಗಿಸಿದ್ದಾಳೆ, ಮೇಲಿಂದ ಸುಳ್ಳು ಹೇಳುತ್ತಾಳೆ, ಇವಳು ಇರುವುದಾದರೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದು ಕೂಗಾಡಿದೆ. ಅವರು ಹೆದರಿ ಅಲ್ಲಿಯೇ ಆಕೆಯನ್ನು ಕೆಲಸದಿಂದ ಬಿಡಿಸಿದರು. ಆಕೆ ತನ್ನ ಬುತ್ತಿ ಡಬ್ಬಿ ಎತ್ತಿಕೊಂಡು ತಮ್ಮನ ಕಿವಿಯ ಹತ್ತಿರ ಬಗ್ಗಿ "ಹೋಗಿ ಬರ್ತೇನೆ ತಮ್ಮಾ" ಎಂದು ಹೊರಟಳು. ಆ ರಾತ್ರಿ ನಾನು ಗೆದ್ದವಳ ಹಾಗೆ ನಿದ್ದೆ ಮಾಡಿದೆ.

ಶನಿವಾರ ಡಾಕ್ಟರು ಹೊದಿಕೆ ಸರಿಸಿ ಒಂದು ನಿಮಿಷ ನೋಡಿದರು. ಅಷ್ಟರಲ್ಲಿ ಗುಳ್ಳೆಗಳು ಬೆನ್ನುಮೂಳೆಯಿಂದ ಹೊಕ್ಕುಳಿನವರೆಗೆ ಅರ್ಧ ಸೊಂಟಪಟ್ಟಿಯಂತೆ ಹಬ್ಬಿದ್ದವು.

"ಇದು ಸುಟ್ಟದ್ದಲ್ಲ ಟೀಚರ್. ಸರ್ಪಸುತ್ತು. ವೈರಸ್ಸಿನದ್ದು."

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆದವರ ನರದಲ್ಲಿ ಆ ವೈರಸ್ಸು ಸುಮ್ಮನೆ ಮಲಗಿರುತ್ತದೆ, ಮೈ ಸೋತಾಗ ಏಳುತ್ತದೆ ಎಂದು ವಿವರಿಸಿದರು. ಬೆಂಕಿ ಇಟ್ಟಂಥ ನೋವು, ಗುಳ್ಳೆ ಏಳುವ ಮೊದಲೇ ಶುರುವಾಗುತ್ತದಂತೆ. ತಮ್ಮನಿಗೆ ಆರನೇ ಕ್ಲಾಸಿನಲ್ಲಿ ಚಿಕನ್ ಪಾಕ್ಸ್ ಆಗಿತ್ತು, ಬೇವಿನ ಸೊಪ್ಪಿನಿಂದ ಬೀಸಿದವಳು ನಾನೇ. ಸರ್ಪಸುತ್ತನ್ನು ನಮ್ಮೂರಿನಲ್ಲಿ ಕಾಣದವರಿಲ್ಲ. ಆದರೆ ಬಿಸಿನೀರು ಎಂದು ತೀರ್ಮಾನಿಸಿದ ಮೇಲೆ ನನಗೆ ಬೇರೇನೂ ಕಾಣಿಸಿರಲಿಲ್ಲ.

ಗುಳ್ಳೆಯ ನೀರು ತಾಗಿದರೆ, ಚಿಕನ್ ಪಾಕ್ಸ್ ಆಗದವರಿಗೆ ಅದು ಬರಬಹುದು ಎಂದು ತಮ್ಮನನ್ನು ಬೇರೆ ಕೋಣೆಗೆ ಹಾಕಿದರು. ಉಳಿದ ಮೂವರಿಗೆ ಚಿಕ್ಕಂದಿನಲ್ಲಿ ಆಗಿತ್ತೇ ಎಂದು ಯಾರನ್ನು ಕೇಳುವುದು? ಅವರಿಗೆ ಬಾಯಿಲ್ಲ. ಮ್ಯಾನೇಜರ್ ಕೂತು ಮೂರು ಮನೆಗಳಿಗೂ ಫೋನ್ ಹಚ್ಚಿದರು. ಒಬ್ಬರ ತಾಯಿಯನ್ನು ಪಕ್ಕದ ಮನೆಯ ಫೋನಿಗೆ ಕರೆಸಬೇಕಾಯಿತು. ಪುಣ್ಯಕ್ಕೆ ಮೂವರಿಗೂ ಆಗಿತ್ತು. ಆಯಾಳಿಗೆ ಆಗಿತ್ತೇ ಎಂದು ಕೇಳುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಡಾಕ್ಟರು ಬರೆಯುತ್ತ "ಈ ಗೀರುಗಳು?" ಎಂದು ಕೇಳಿದರು.

"ಅದು ಆಯಾ ಮಾಡಿದ್ದು. ಅವನೇ ತುರಿಸಿಕೊಂಡದ್ದು ಅಂತ ಸುಳ್ಳು ಹೇಳಿದಳು."

ಅವರ ಪೆನ್ನು ನಿಂತಿತು. "ಹಾಗೆ ಹೇಳಿದರಾ? ಯಾವ ಕೈಯಿಂದ? ಎಷ್ಟು ಸಲ?"

ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಡಾಕ್ಟರು ತಮ್ಮನ ಬಲಗೈ ಎತ್ತಿ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊಸ ಆಯಾ ಉಗುರು ತೊಳೆದಿರಲಿಲ್ಲ. ಎರಡು ಉಗುರುಗಳ ಅಡಿಯಲ್ಲಿ ಒಣಗಿದ ರಕ್ತದ ಕಂದು ಗೆರೆ ಇತ್ತು. "ನೋವಿರುವ ಜಾಗವನ್ನು ಹುಡುಕಿಕೊಂಡು ಕೈ ಹೋಗಿದ್ದರೆ, ನಾವು ಐದು ತಿಂಗಳಿನಿಂದ ಕಾದದ್ದು ಅದಕ್ಕೇ" ಎಂದರು ಡಾಕ್ಟರು. "ಆದರೆ ಉಗುರು ನೋಡಿ ಬರೆಯಲಿಕ್ಕೆ ಆಗುವುದಿಲ್ಲ. ಕಣ್ಣಾರೆ ನೋಡಿದವರು ಬೇಕು. ಅವರನ್ನು ಕರೆಸಿ."

ಆಕೆಗೆ ಮ್ಯಾನೇಜರ್ ಮೂಲಕ ಹೇಳಿಕಳಿಸಿದೆ. ಬರಲಿಲ್ಲ. ನಾನು ಹೋಗಿ ಕಾಲು ಹಿಡಿಯಲಿ ಎಂದು ಗತ್ತು ಮಾಡುತ್ತಿದ್ದಾಳೆ ಎಂದುಕೊಂಡೆ. ಇಷ್ಟಾದ ಮೇಲೂ ನನ್ನ ಬುದ್ಧಿ ಅದೇ! ಎರಡು ವಾರ ಹಾಗೇ ಕಳೆಯಿತು. ತಮ್ಮನಿಗೆ ಔಷಧ ತಾಗಿ ಗುಳ್ಳೆ ಒಣಗಿತು, ನೋವು ಇಳಿದಿರಬೇಕು. ನಾನು ಪಕ್ಕದಲ್ಲಿ ಕೂತು ಕಣ್ಣು ಮಿಟುಕಿಸದೆ ಅವನ ಬಲಗೈಯನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಆರು ತಿಂಗಳು ತುಂಬಲು ಕೆಲವೇ ದಿನ ಇತ್ತು. ಕೊನೆಗೆ ತೋಡಾರಿಗೆ ಹೋದೆ.

ಬಾಗಿಲು ಮುಚ್ಚಿತ್ತು. ಕಿಟಕಿಯಿಂದ ಆಕೆಯ ದನಿ ಬಂತು. "ಅಲ್ಲೇ ನಿಲ್ಲಿ ಟೀಚರೇ. ನಿಮಗೆ ಸಣ್ಣದಿರುವಾಗ ಚಿಕನ್ ಪಾಕ್ಸ್ ಬಂದಿತ್ತಾ?"

ಸರಳಿನ ಹಿಂದೆ ಆಕೆಯ ಮುಖ ಕಂಡಿತು. ಹಣೆ, ಕೆನ್ನೆ, ರೆಪ್ಪೆಯ ಮೇಲೂ ಗುಳ್ಳೆ ಒಣಗಿದ ಹೊಪ್ಪಳೆ. ಬರಿಗೈಯಲ್ಲಿ ತಮ್ಮನ ಗುಳ್ಳೆಯ ನೀರು ಒತ್ತಿ ತೆಗೆದದ್ದು ನೆನಪಾಯಿತು. ಬಂದಿತ್ತು ಎಂದು ತಲೆಯಾಡಿಸಿದೆ.

"ಹಾಗಾದರೆ ಹೆದರಿಕೆ ಇಲ್ಲ. ನನಗೆ ಮಾತ್ರ ಈ ಪ್ರಾಯದಲ್ಲಿ ಬಂತು ನೋಡಿ" ಎಂದು ನಕ್ಕಳು.

"ಸರ್ಪಸುತ್ತು ಅಂತ ನಿಮಗೆ ಗೊತ್ತಿತ್ತಾ?"

"ನೋಡಿದ ಕೂಡಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ರೇ?"

"ನೀವು ನಾಗನಿಗೆ ಹಾಲೆರೆದು ತನು ಹಾಕುವ ಮನೆಯವರು. ನಿಮ್ಮ ತಮ್ಮನಿಗೆ ಸರ್ಪ ಸುತ್ತಿದೆ ಅಂತ ನಾನು, ಬ್ಯಾರಿ ಹೆಂಗಸು, ಹೇಗೆ ಹೇಳುವುದು? ನಮ್ಮ ದೇವರ ವಿಷಯ ಇವಳಿಗೆ ಯಾಕೆ ಅಂತ ಬೇಸರ ಮಾಡಿಕೊಂಡರೆ? ಡಾಕ್ಟ್ರ ಬಾಯಲ್ಲಿ ಬಂದರೆ ಒಳ್ಳೇದು ಅಂತ ಸುಮ್ಮನಾದೆ."

ಆಕೆ ನನ್ನ ಮರ್ಯಾದೆ ಕಾಯಲು ತಲೆ ತಗ್ಗಿಸಿದ್ದಳು. ನಾನು ಅದನ್ನು ಕಳ್ಳತನ ಎಂದು ಓದಿದ್ದೆ. ನಾಚಿಕೆಯಿಂದ ನನಗೆ ಅಳು ಬಂತು, ಅಲ್ಲಿಯೇ ಅತ್ತೆ. ಅತ್ತು ಮುಗಿಯುವವರೆಗೆ ಆಕೆ ಕಾದಳು. ಆಮೇಲೆ ಕೇಳಿದೆ, ಯಾವ ಕೈ ಎಂದು.

ಕಿಟಕಿಯ ಹಿಂದೆ ಆಕೆ ತನ್ನ ಬಲಗೈಯನ್ನು ಎತ್ತಿದಳು. ನಡುಗಿಸುತ್ತ, ನಡುವೆ ನಿಲ್ಲಿಸುತ್ತ, ಹೊಟ್ಟೆಯ ಮೇಲಿಂದ ಎಡ ಪಕ್ಕೆಗೆ ತಂದಳು. "ಇಷ್ಟು ನಿಧಾನ. ಮೂರು ಸಲ. ಗಾಯ ಆದೀತು ಅಂತ ನಾನು ಕೈಯನ್ನು ಬದಿಗಿಟ್ಟೆ, ಪುನಃ ತಂದರು. ನಿಮಗೆ ಹೇಳುವ ಅಂತ ಬಸ್ಸಿನ ಹೊತ್ತಿಗೆ ಗೇಟಿಗೆ ಬಂದೆ. ಟೀಚರು ಕುಣಿದಾರು ಅಂತ ಗ್ರಹಿಸಿದ್ದೆ."

ಹೊಪ್ಪಳೆ ಉದುರಿದ ಮೇಲೆ ಆಕೆ ಬಂದು ಡಾಕ್ಟರ ಮುಂದೆ ಅದನ್ನೇ ಮಾಡಿ ತೋರಿಸಿದಳು. ಬದಿಗಿಟ್ಟ ಕೈ ಪುನಃ ಬಂತು ಎಂಬುದನ್ನು ಅವರು ಎರಡು ಸಲ ಕೇಳಿ ಬರೆದುಕೊಂಡರು. ಬೆಡ್ ಉಳಿಯಿತು, ಆಕೆಗೆ ಕೆಲಸವೂ ಮರಳಿ ಸಿಕ್ಕಿತು. ಆದರೆ ತಮ್ಮನ ಕೈ ಮತ್ತೆ ಏಳಲಿಲ್ಲ. ಒಂದು ತಿಂಗಳು, ಎರಡು, ಮೂರು. ಡಾಕ್ಟರೂ ಅದು ಸ್ವಂತ ಕಣ್ಣಿಗೆ ಬೀಳಲಿ ಎಂದು ಕಾಯುತ್ತಿದ್ದರು. ಆ ದಿನ ನಾನು ಉಗುರು ನೋಡುವ ಬದಲು ಅವನ ಪಕ್ಕ ಕೂತಿದ್ದರೆ ನಾಲ್ಕನೇ ಸಲ ನನ್ನ ಕಣ್ಣೆದುರೇ ಆಗುತ್ತಿತ್ತೋ ಏನೋ. ಆ ಸಂಕಟ ಈಗಲೂ ಹೋಗಿಲ್ಲ.

ನಾಲ್ಕನೇ ತಿಂಗಳ ಒಂದು ಸಂಜೆ ಬಸ್ಸು ಇಳಿದಾಗ ಆಕೆ ಗೇಟಿನ ಹತ್ತಿರ ನಿಂತಿದ್ದಳು. ಈ ಸಲ ಮುಖದಲ್ಲಿ ನಗು ಇರಲಿಲ್ಲ. ನಾನು ಅಂದು ಉಗುರು ನೋಡಿದ್ದ ಕೈಗಳೆರಡನ್ನೂ ಸೆರಗಿನ ಒಳಗೆ ಇಟ್ಟುಕೊಂಡಿದ್ದಳು. ಹೇಳುವುದೋ ಬೇಡವೋ ಎಂದು ಮೊದಲು ನನ್ನ ಮುಖ ನೋಡಿದಳು.

"ಹೇಳಿ ಅಕ್ಕ" ಎಂದೆ. "ಯಾವ ಕೈ?"