ನಡೆಸಿ ನೋಡದ ನಲವತ್ತೊಂದು ಸಾಲು

ಜೊತೆಯವರು ಆಕೆಯನ್ನು ಜರಡಿ ಎಂದು ಕರೆಯುತ್ತಿದ್ದರು, ಎದುರಿಗೇ. ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸದ ಹಳೆಯ ರೂಪಗಳನ್ನೆಲ್ಲ ಕಳೆಯದಂತೆ ಕಾಪಿಟ್ಟುಕೊಳ್ಳುವ ಒಂದು ತಂತ್ರಾಂಶವಿತ್ತು. ಅದಕ್ಕೆ ಯಾರು ಏನೇ ಬದಲಾವಣೆ ಸೂಚಿಸಲಿ, ಆಕೆಯ ಕಣ್ಣು ದಾಟಿಯೇ ಒಳಗೆ ಹೋಗಬೇಕು. ಹದಿನಾರು ವರ್ಷ ಇದೇ ಕೆಲಸ. ಪ್ರತಿ ಸಾಲು ಓದಿ, ತನ್ನ ಕಂಪ್ಯೂಟರಿನಲ್ಲಿ ನಡೆಸಿ, ಬೇಕೆಂದೇ ಅಡ್ಡಾದಿಡ್ಡಿ ಬಳಸಿ ನೋಡಿದ ಮೇಲೆಯೇ ಒಪ್ಪಿಗೆಯ ಗುಂಡಿ ಒತ್ತುತ್ತಿದ್ದಳು. "ನನ್ನನ್ನ ಒಪ್ಕೊಳ್ಳೋವಾಗ ಮಾತ್ರ ಇಷ್ಟೆಲ್ಲ ಪರೀಕ್ಷೆ ಮಾಡ್ಲಿಲ್ಲ ನೋಡು ನೀನು," ಎಂದು ಗಂಡ ಕಾಡಿಸುತ್ತಿದ್ದ.

ಆ ಗಂಡನ ಲಿವರ್ ಕೆಟ್ಟಿತು. ಆಸ್ಪತ್ರೆಯ ಕಾರಿಡಾರಿನಲ್ಲಿ, ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹತ್ತೊಂಬತ್ತು ದಿನ ಕೂತಳು. ಆಗಲೇ, ಆಕೆಯೇ ಪಳಗಿಸಿದ ಸಹೋದ್ಯೋಗಿಯೊಬ್ಬ ನಲವತ್ತೊಂದು ಸಾಲಿನ ಬದಲಾವಣೆ ಕಳಿಸಿದ. ಯಾರಿಗೂ ಬೇಡವಾದ ಹಳೆಯ ರೂಪಗಳನ್ನು ಮೂರು ತಿಂಗಳು ಇಟ್ಟುಕೊಳ್ಳುವ ಬದಲು, ಬಳಸುವವರು ಸ್ವಚ್ಛಗೊಳಿಸು ಎಂದ ಕೂಡಲೇ ಅಳಿಸಿಬಿಡುವುದು ಅದರ ಉದ್ದೇಶ. ಆಕೆ ಎರಡು ಸಲ ಹಿಂದಕ್ಕೆ ಕಳಿಸಿದಳು; ಅವನು ಎರಡು ಸಲವೂ ತಿದ್ದಿದ. ಮೂರನೆಯ ಸಲ ಓದಿ ಮುಗಿಸುವಷ್ಟರಲ್ಲಿ ನರ್ಸ್ ಬಂದು ಭುಜ ಮುಟ್ಟಿ, ಡಾಕ್ಟರು ಕರೆಯುತ್ತಿದ್ದಾರೆ ಎಂದಳು. ನಡೆಸಿ ನೋಡುವುದು ಬಾಕಿಯಿತ್ತು. ಆಕೆ ಗುಂಡಿ ಒತ್ತಿ ಎದ್ದಳು.

ಮರುದಿನ ಬೆಳಿಗ್ಗೆ ಗಂಡ ತೀರಿಕೊಂಡ.

ಐದು ವಾರದ ಮೇಲೆ, ಹೊಸ ಆವೃತ್ತಿ ಎಲ್ಲ ಕಡೆ ಹೋದ ಬಳಿಕ, ಕಿವುಡ ಮಕ್ಕಳ ಶಾಲೆಯ ಟೀಚರೊಬ್ಬರ ಪತ್ರ ಬಂತು. ಆರು ವರ್ಷ ಕೂತು ಮಕ್ಕಳಿಗಾಗಿ ಇನ್ನೂರ ನಲವತ್ತು ಚಿತ್ರಪಾಠ ಮಾಡಿ, ಈ ತಂತ್ರಾಂಶದಲ್ಲೇ ಕಾಪಿಟ್ಟಿದ್ದರಂತೆ. ಡಿಸ್ಕ್ ತುಂಬಿತೆಂದು ಸ್ವಚ್ಛಗೊಳಿಸಿದ್ದಾರೆ, ಅಷ್ಟೂ ಹೋಗಿದೆ. ಜರಡಿ ಆಗ ಆ ಬದಲಾವಣೆಯನ್ನು ನಡೆಸಿ ನೋಡಿದಳು. ಕೆಲಸವನ್ನು ಎರಡು ಫೋಲ್ಡರಿನಲ್ಲಿ ಹಂಚಿಟ್ಟಿದ್ದರೆ, ಎರಡನೆಯದರಲ್ಲಿದ್ದುದನ್ನೆಲ್ಲ ಅದು ಬೇಡದ್ದೆಂದು ತಿಳಿಯುತ್ತಿತ್ತು. ಟೀಚರ ಪಾಠಗಳೆಲ್ಲ ಇದ್ದದ್ದು ಅಂಥ ಎರಡನೆಯ ಫೋಲ್ಡರಿನಲ್ಲೇ. ತಪ್ಪು ಹಿಡಿಯಲು ಎರಡು ನಿಮಿಷವೂ ಬೇಕಾಗಲಿಲ್ಲ.

ಬದಲಾವಣೆಯನ್ನು ಅಂದೇ ಕಿತ್ತುಹಾಕಿ, ತಪ್ಪು ತನ್ನದೆಂದು ಎಲ್ಲರಿಗೂ ಕಾಣುವಂತೆ ಬರೆಯಲು ಕೂತಳು. ಸಹೋದ್ಯೋಗಿ ಫೋನ್ ಮಾಡಿದ. ಸಾಲು ಬರೆದವನು ತಾನು, ಹೆಸರು ತನ್ನದಿರಲಿ ಎಂದ; ಒಪ್ಪದಿದ್ದಾಗ, ಆ ದಿನ ಆಸ್ಪತ್ರೆಯಲ್ಲಿ ಏನಾಗಿತ್ತೆಂದಾದರೂ ಬರೆಯಿರಿ ಎಂದು ಬೇಡಿಕೊಂಡ.

"ಅವರ ಸಾವನ್ನ ನನ್ನ ತಪ್ಪಿಗೆ ಅಡ್ಡ ಹಿಡಿಯೋದು ಬೇಡಪ್ಪ," ಎಂದಳು ಆಕೆ. "ಗುಂಡಿ ಒತ್ತಿದ್ದು ನಾನು."

ಆಮೇಲೆ ಟೀಚರಿಗೆ ಫೋನ್ ಮಾಡಿದಳು. ತಪ್ಪು ತನ್ನದೆಂದು ಅವರಿಗೂ ಹೇಳಿದಳು.

"ಬೈಯೋಣ ಅಂತಲೇ ಇದ್ದೆ ಮೇಡಂ. ಈಗ ಬಾಯೇ ಬರ್ತಿಲ್ಲ. ನಾಳೆ ಮಕ್ಕಳ ಮುಂದೆ ಏನು ಇಡ್ಲಿ, ಅದನ್ನ ಹೇಳಿ."

ಆಕೆ ಅವರ ಡಿಸ್ಕ್ ತರಿಸಿಕೊಂಡು, ಗಂಡನ ಔಷಧಿ ಚೀಟಿಗಳು ಇನ್ನೂ ಬಿದ್ದಿದ್ದ ಊಟದ ಮೇಜಿನ ಮೇಲೆ, ಎರಡು ತಿಂಗಳು ಅಳಿಸಿಹೋದ ಚೂರುಗಳನ್ನು ಹೆಕ್ಕಿದಳು. ಸಿಕ್ಕಿದ್ದು ಮೂವತ್ತೊಂದು ಪಾಠ. ಕೆಲವಕ್ಕೆ ಚಿತ್ರವಿದೆ, ಬರಹವಿಲ್ಲ. ಆ ವರ್ಷದ ಮಕ್ಕಳು ಅಷ್ಟರಲ್ಲೇ ಮುಂದಿನ ತರಗತಿಗೆ ಹೋದರು.

ಒಪ್ಪಿಗೆಯ ಅಧಿಕಾರವನ್ನು ಆಕೆ ಬಿಟ್ಟುಕೊಟ್ಟಳು. ಈಗ ಗುಂಡಿ ಒತ್ತುವುದು ಆ ಸಹೋದ್ಯೋಗಿ. ಒಂದೊಂದಕ್ಕೂ ವಾರಗಟ್ಟಲೆ ತೆಗೆದುಕೊಳ್ಳುತ್ತಾನೆಂದು ಜನ ಗೊಣಗುತ್ತಾರೆ.