ಮಸ್ಟರಿನಲ್ಲಿಲ್ಲದ ಆಟಗಾರ

1978ರಲ್ಲಿ ನಾನು ಮುಂಬಯಿ ಹತ್ತಿರದ ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಚಿಲ್ಲರೆ. ಕ್ಯಾಂಟೀನಿನ ಚಹಾ ತೆಳ್ಳಗಾದರೆ ದೂರು ಕೇಳುವುದು, ಸಮವಸ್ತ್ರ ಹಂಚುವುದು, ಲೋಕಲ್ ರೈಲು ಕೈಕೊಟ್ಟ ದಿನ ಪಾಳಿಗೆ ತಡವಾದವರ ಪರವಾಗಿ ಟೈಮ್ ಆಫೀಸಿನಲ್ಲಿ ವಾದಿಸುವುದು. ಡೊಂಬಿವಲಿಯಿಂದ ನಾನೂ ಅದೇ ಲೋಕಲ್‌ನಲ್ಲಿ ಬರುತ್ತಿದ್ದುದರಿಂದ ನನ್ನ ವಾದಕ್ಕೆ ಸ್ವಲ್ಪ ಜೋರು ಹೆಚ್ಚು. ಇವುಗಳ ಜೊತೆಗೆ ಕಾರ್ಖಾನೆಯ ಕಬಡ್ಡಿ ತಂಡದ ಮ್ಯಾನೇಜರ್‌ಗಿರಿಯೂ ನನ್ನ ಕೊರಳಿಗೆ ಬಿದ್ದಿತ್ತು. ಕಬಡ್ಡಿ ಆಡಿ ಒಂದು ದಿನವೂ ಮೊಣಕಾಲು ತರಚಿಸಿಕೊಂಡವನಲ್ಲ ನಾನು. ಧಾರವಾಡದಲ್ಲಿ ಕೇರಂ ಆಡಿ ಬೆಳೆದವನು.

ಪ್ರತಿ ಚಳಿಗಾಲ ನಮ್ಮ ಭಾಗದ ಎಂಟು ಕಾರ್ಖಾನೆಗಳ ತಂಡಗಳು ಒಂದು ಶೀಲ್ಡಿಗಾಗಿ ಸೆಣಸುತ್ತಿದ್ದವು. ನಿಯಮ ಒಂದೇ, ಆದರೆ ಬಿಗಿ: ಆಡುವವನು ಆಯಾ ಕಾರ್ಖಾನೆಯ ನೌಕರನಾಗಿರಬೇಕು, ಅವನ ಹೆಸರು ಕನಿಷ್ಠ ಆರು ತಿಂಗಳಿಂದ ಮಸ್ಟರಿನಲ್ಲಿ, ಅಂದರೆ ದಿನದ ಹಾಜರಿ ಪುಸ್ತಕದಲ್ಲಿ, ಇರಬೇಕು. ಅದಕ್ಕೆ ಕಾರ್ಖಾನೆಯೇ ಪ್ರಮಾಣಪತ್ರ ಕೊಡಬೇಕು. ಹಿಂದಿನ ಎರಡು ವರ್ಷ ನಾವು ಒಂದೂ ಪಂದ್ಯ ಗೆದ್ದಿರಲಿಲ್ಲ.

ನಮ್ಮ ಕ್ಯಾಪ್ಟನ್ ಮ್ಹಾತ್ರೆ ಬಾಯ್ಲರ್ ವಿಭಾಗದವನು, ಡೊಂಬಿವಲಿ ಪಕ್ಕದ ಹಳ್ಳಿಯವನು. ಆ ಹಳ್ಳಿಗಳಲ್ಲಿ ಕಬಡ್ಡಿಯೆಂದರೆ ಊಟದಷ್ಟೇ ಮುಖ್ಯ. ಒಂದು ಮಧ್ಯಾಹ್ನ ಅವನು ನನ್ನನ್ನು ಗೋದಾಮಿನ ಹಿಂದಕ್ಕೆ ಎಳೆದೊಯ್ದ. ಅಲ್ಲಿ ಲಾರಿಗೆ ಮಾಲು ತುಂಬುವ ಹಮಾಲರು ಊಟದ ಬಿಡುವಿನಲ್ಲಿ ಆಡುತ್ತಿದ್ದರು. ಅವರಲ್ಲೊಬ್ಬ, ಅಗಲ ಭುಜದ ಗಿಡ್ಡ ಆಳು, ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಮೂವರನ್ನು ಮೈಮೇಲೆ ಹೊತ್ತುಕೊಂಡೇ ನಡುಗೆರೆಗೆ ಮರಳಿದ. ಉಸಿರು ಬಿಟ್ಟಿರಲಿಲ್ಲ. ಅವನೇ ಸಂಗಪ್ಪ, ವಿಜಾಪುರದ ಕಡೆಯವನು, ಗುತ್ತೇದಾರನ ಕೂಲಿ. ಅಂದರೆ ನಮ್ಮ ಅಂಗಳದಲ್ಲೇ ದಿನವಿಡೀ ದುಡಿದರೂ ನಮ್ಮ ಮಸ್ಟರಿನಲ್ಲಿ ಅವನ ಹೆಸರಿರಲಿಲ್ಲ. ಗುತ್ತೇದಾರ ನಾಳೆ ಬರಬೇಡ ಎಂದರೆ ಮುಗಿಯಿತು.

ನಾನು ನಿಯಮ ಹೇಳಿದೆ. ಮ್ಹಾತ್ರೆ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಸಾಹೇಬ್, ಕಾಗದ್ ಖೇಳ್ತೋ ಕಾ?”

ಕಾಗದ ಆಡುತ್ತದೆಯೇ ಎಂದು ಅವನ ಪ್ರಶ್ನೆ. ಆಡುವುದಿಲ್ಲ, ನಿಜ. ನನಗೂ ಸೋತು ಸೋತು ಸಾಕಾಗಿತ್ತು. ಸಂಗಪ್ಪನನ್ನು ಕರೆಸಿ, ತಂಡಕ್ಕೆ ಆಡು, ಕಾಯಂ ಮಾಡಲು ನೋಡೋಣ ಎಂದೆ.

“ನೋಡೂಣು ಅಂದ್ರ ಆಗೂದಿಲ್ರೀ ಸಾಹೇಬ್ರ,” ಎಂದ ಅವನು. “ಮಾಡ್ತೀನಿ ಅನ್ರೀ.”

“ಆತಪಾ, ಮಾಡ್ತೀನಿ.”

ಅದೇ ದಿನ ಅವನು ಎಂಟು ತಿಂಗಳಿಂದ ಪ್ಯಾಕಿಂಗ್ ವಿಭಾಗದ ನೌಕರನೆಂದು ಪ್ರಮಾಣಪತ್ರ ಟೈಪ್ ಮಾಡಿಸಿದೆ. ಕೆಳಗೆ ನಾನು ಸಹಿ ಮಾಡಿದೆ. ಪರ್ಸನೆಲ್ ಮ್ಯಾನೇಜರ್ ಜೋಶಿಯವರು ಓದದೇ ಮೇಲುಸಹಿ ಹಾಕಿದರು. ಸುಳ್ಳು ಬರೆಯುತ್ತಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಆಟದ ಮಟ್ಟಿಗೆ ತಾನೇ ಎಂದು ಸಮಾಧಾನ ಮಾಡಿಕೊಂಡೆ.

ಆ ಸೀಸನ್ ಮಾತ್ರ ಸೀಸನ್! ಉಲ್ಲಾಸನಗರದಲ್ಲಿ ಗೆದ್ದೆವು, ಕಲ್ಯಾಣದಲ್ಲಿ ಗೆದ್ದೆವು. ಪಂದ್ಯವಿದ್ದ ದಿನ ಸಂಗಪ್ಪ ಬೆಳಿಗ್ಗೆ ಲಾರಿ ತುಂಬಿಸಿ, ಸಂಜೆ ಮೈದಾನಕ್ಕೆ ಬರುತ್ತಿದ್ದ. ಕ್ಯಾಂಟೀನಿನಲ್ಲಿ ಅವನಿಗೆ ಎರಡು ವಡಾ ಹೆಚ್ಚು ಬೀಳತೊಡಗಿದವು. ಹಿಂದೆ ಅವನ ಹೆಸರೇ ಗೊತ್ತಿಲ್ಲದ ಇಂಜಿನಿಯರರು ಹೆಗಲ ಮೇಲೆ ಕೈಹಾಕಿ ಮಾತಾಡುತ್ತಿದ್ದರು. ವಾರಕ್ಕೊಮ್ಮೆ ಅವನು ನನ್ನ ಬಾಗಿಲಲ್ಲಿ ನಿಂತು, “ನಂದು ಹೆಸರು ಏರ್ತೇನ್ರೀ?” ಎಂದು ಕೇಳುತ್ತಿದ್ದ. ಸೀಸನ್ ಮುಗಿಯಲಿ ಎನ್ನುತ್ತಿದ್ದೆ. ಜೋಶಿಯವರ ಬಳಿ ವಿಷಯ ಎತ್ತಿರಲೇ ಇಲ್ಲ.

ಫೈನಲ್ ಫೆಬ್ರವರಿಯ ಒಂದು ಭಾನುವಾರ, ಠಾಣೆಯಲ್ಲಿ. ಎದುರಾಳಿ ಅಲ್ಲಿನದೇ ಒಂದು ಬಟ್ಟೆ ಗಿರಣಿಯ ತಂಡ. ಕೊನೆಯ ನಿಮಿಷದಲ್ಲಿ ಅಂಕ ಸಮ, ದಾಳಿ ನಮ್ಮದು. ಸಂಗಪ್ಪ ಹೋದ, ಒಬ್ಬನನ್ನು ಮುಟ್ಟಿದ, ತಿರುಗುವಷ್ಟರಲ್ಲಿ ನಾಲ್ವರು ಅವನ ಮೇಲೆ ಬಿದ್ದರು. ಕೆಳಗಿನಿಂದ ಕಬಡ್ಡಿ ಕಬಡ್ಡಿ ಎಂಬ ದನಿ ಮಾತ್ರ ಬರುತ್ತಿತ್ತು. ಆಮೇಲೆ ಗೆರೆಯಾಚೆ ಒಂದು ಕೈ ಕಾಣಿಸಿತು. ಅಂಪೈರ್ ಸೀಟಿ ಊದಿದ. ನಮ್ಮವರು ಮ್ಹಾತ್ರೆಯನ್ನು ಹೊತ್ತು ಕುಣಿದರು. ಸಂಗಪ್ಪ ಏಳಲಿಲ್ಲ. ಬಲಗಾಲಿನ ಎಲುಬು ಮೊಣಕಾಲ ಕೆಳಗೆ ಎರಡಾಗಿತ್ತು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ಡಾಕ್ಟರು, ಒಂದು ವಾರದೊಳಗೆ ಆಪರೇಷನ್ ಮಾಡಿ ರಾಡ್ ಹಾಕದಿದ್ದರೆ ಕಾಲು ಸೊಟ್ಟಗೆ ಕೂಡುತ್ತದೆ, ಆಮೇಲೆ ಭಾರ ಹೊರುವುದು ಮರೆತುಬಿಡಿ ಎಂದರು. ಕಂಪನಿಯ ಪರವಾಗಿ ಆಡುವಾಗ ನೌಕರನಿಗೆ ಪೆಟ್ಟಾದರೆ ಚಿಕಿತ್ಸೆ ಕಂಪನಿಯದು, ರಜೆಯೂ ಹಾಜರಿ ಎಂದೇ ಲೆಕ್ಕ. ಇದು ನಮ್ಮಲ್ಲಿದ್ದ ನಿಯಮ. ಸೋಮವಾರ ಜೋಶಿಯವರ ಕೋಣೆಗೆ ಹೋದೆ. ಶೀಲ್ಡ್ ಆಗಲೇ ಅವರ ಮೇಜಿನ ಮೇಲಿತ್ತು. ಫೋಟೋ ಹೆಡ್ ಆಫೀಸಿಗೆ ಹೊರಟಿತ್ತು.

“ಅವನು ಗುತ್ತೇದಾರನ ಆಳು, ನಮಗೇನು ಸಂಬಂಧ?” ಎಂದರು. ಗುತ್ತೇದಾರ ಅಷ್ಟರಲ್ಲಿ ಬೇರೆ ಹಮಾಲನನ್ನು ತಂದಾಗಿತ್ತು.

ನಾನು ಸುಮ್ಮನೆ ಹೊರಬಂದೆ. ಮಂಗಳವಾರವೂ ಸುಮ್ಮನಿದ್ದೆ. ಬಾಯಿ ತೆರೆದರೆ ಸುಳ್ಳು ಪ್ರಮಾಣಪತ್ರ ಹೊರಬೀಳುತ್ತದೆ, ನನ್ನ ಕೆಲಸಕ್ಕೇ ಕುತ್ತು ಎಂಬ ಹೆದರಿಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ಬುಧವಾರ ಸಂಗಪ್ಪನ ಹೆಂಡತಿ ಗಂಗವ್ವ ಬಂದಳು. ಕಟ್ಟಡದ ಕೆಲಸದಿಂದ ನೇರ ಬಂದಿದ್ದಳು, ಸೀರೆಗೆ ಸಿಮೆಂಟು ಮೆತ್ತಿತ್ತು. ಕೂಡು ಎಂದರೆ ಕೂಡಲಿಲ್ಲ. ಅಳಲೂ ಇಲ್ಲ.

“ಗೆದ್ದಾಗ ನಿಮ್ಮಾಂವ, ಬಿದ್ದಾಗ ಗುತ್ತೇದಾರನಾಂವ ಏನ್ರೀ ಸಾಹೇಬ್ರ?” ಎಂದಳು. “ಒಂದು ಮಾತು ಹೇಳ್ರೀ. ನಾ ದವಾಖಾನಿಗೆ ಹೋಗಿ ಅವರಿಗೆ ಹೇಳ್ತೀನಿ.”

ಭೂಮಿ ಬಾಯಿಬಿಡಬಾರದೇ ಎನಿಸಿತು. ಅವಳಿಗೆ ಇಲ್ಲೇ ಇರು ಎಂದು ಹೇಳಿ, ಟೈಪಿಸ್ಟನನ್ನು ಎಬ್ಬಿಸಿ ನಾನೇ ಯಂತ್ರದ ಮುಂದೆ ಕೂತು ಎರಡು ಪತ್ರ ಹೊಡೆದೆ. ಒಂದು ಪಂದ್ಯಾವಳಿಯ ಸಮಿತಿಗೆ: ಹೊರಗಿನವನನ್ನು ನೌಕರನೆಂದು ತೋರಿಸಿ ಆಡಿಸಿದ್ದೇವೆ, ಕ್ಷಮಿಸಿ, ಶೀಲ್ಡ್ ಮರಳಿಸುತ್ತಿದ್ದೇವೆ. ಇನ್ನೊಂದು ಆಸ್ಪತ್ರೆಗೆ: ಸಂಗಪ್ಪ ನಮ್ಮ ನೌಕರ, ಆಪರೇಷನ್ ಮಾಡಿ, ಹೊಣೆ ನಮ್ಮದು. ಪ್ರಮಾಣಪತ್ರದ ಕಾರ್ಬನ್ ಪ್ರತಿಯ ಜೊತೆ ಎರಡನ್ನೂ ಜೋಶಿಯವರ ಮುಂದಿಟ್ಟೆ.

“ಇದರಲ್ಲಿ ನಿಮ್ಮ ಸಹಿಯೂ ಇದೆ ಸರ್. ಎರಡು ಪತ್ರದಲ್ಲಿ ಒಂದು ನಿಜವಾಗಲೇಬೇಕು. ಯಾವುದಕ್ಕೆ ಸಹಿ ಹಾಕ್ತೀರಿ?”

ಅವರ ಮುಖ ಕೆಂಪಾಯಿತು. ನನಗೆ ಬಾಯಿಗೆ ಬಂದದ್ದೆಲ್ಲ ಅಂದರು. ಶೀಲ್ಡನ್ನು ನೋಡಿದರು. ಕೊನೆಗೆ ಎರಡನೆಯದಕ್ಕೆ ಸಹಿ ಹಾಕಿದರು. ಮರುದಿನವೇ ಆಪರೇಷನ್ ಆಯಿತು. ನನಗೊಂದು ಮೆಮೊ ಬಂತು, ನನ್ನ ಬಡ್ತಿ ಮೂರು ವರ್ಷ ತಡವಾಯಿತು. ಅದು ನ್ಯಾಯವೇ.

ಆದರೆ ಮೊದಲ ಪತ್ರ ನನ್ನ ಡ್ರಾಯರಿನಲ್ಲೇ ಉಳಿಯಿತು. ಠಾಣೆಯ ಆ ಗಿರಣಿಯ ಹುಡುಗರು ನ್ಯಾಯವಾಗಿ ಆಡಿ ಸೋತರು. ಅವರಿಗೆ ಸಲ್ಲಬೇಕಾಗಿದ್ದ ಶೀಲ್ಡ್ ವರ್ಷವಿಡೀ ನಮ್ಮ ಗಾಜಿನ ಕಪಾಟಿನಲ್ಲಿತ್ತು. ಒಬ್ಬನ ಕಾಲು ಉಳಿಸಲು ನಾನು ಸುಳ್ಳನ್ನು ನಿಜ ಮಾಡಿಸಿದೆನೇ ಹೊರತು ಒಪ್ಪಿಕೊಳ್ಳಲಿಲ್ಲ.

ಸಂಗಪ್ಪ ಐದು ತಿಂಗಳ ನಂತರ ತುಸು ಕುಂಟುತ್ತ ಕೆಲಸಕ್ಕೆ ಬಂದ. ಮಸ್ಟರಿನಲ್ಲಿ ಹೆಸರು ಏರಿತು, ಗೇಟಿನಲ್ಲಿ ಕೆಲಸ ಸಿಕ್ಕಿತು: ಒಳಬರುವವರ ಗುರುತಿನ ಟೋಕನ್ ನೋಡಿ ಬಿಡುವುದು. ಕಬಡ್ಡಿ ಮಾತ್ರ ಅಲ್ಲಿಗೆ ಮುಗಿಯಿತು.

ಇಷ್ಟಾದ ಮೇಲೂ ನನಗೆ ಬುದ್ಧಿ ಬಂದಿತ್ತು ಎನ್ನುವಂತಿಲ್ಲ. ಮುಂದಿನ ಚಳಿಗಾಲ ಮ್ಹಾತ್ರೆ ಕೈಗಾರಿಕಾ ವಸಾಹತಿನ ರಸ್ತೆಯ ಕೆಲಸದವರ ನಡುವೆ ಇನ್ನೊಬ್ಬ ಆಟಗಾರನನ್ನು ಪತ್ತೆ ಮಾಡಿದ. ಆಟ ನೋಡುವುದಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಆ ಆಳನ್ನು ಗೇಟಿಗೆ ಕರೆತಂದೆ. ಸಂಗಪ್ಪ ಎದ್ದು ನಿಂತು ನಮಸ್ಕಾರ ಮಾಡಿದ. ಆಮೇಲೆ ಗೇಟಿಗೆ ಅಡ್ಡವಾಗಿ ಕೈಯಿಟ್ಟ.

“ಟೋಕನ್ ಎಲ್ಲೈತ್ರೀ?”

“ಅಭ್ಯಾಸಕ್ಕೆ ಬಂದಾನಪಾ. ನನ್ನ ಜೋಡಿ ಅದಾನ.”

“ನಾನೂ ನಿಮ್ಮ ಜೋಡಿನ ಇದ್ನ್ಯಲ್ರೀ ಸಾಹೇಬ್ರ,” ಎಂದ ಸಂಗಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. “ಮೊದಲ ಹೆಸರು ಬರೀರಿ. ಆಮ್ಯಾಲ ಆಡಸ್ರೀ.”

ಮೂವತ್ತು ವರ್ಷದ ನೌಕರಿಯಲ್ಲಿ ಕಾರ್ಮಿಕ ಕಲ್ಯಾಣದ ಬಗ್ಗೆ ಅನೇಕ ತರಬೇತಿಗಳಿಗೆ ಹೋಗಿ ಬಂದೆ. ಕಲಿತದ್ದು ಮಾತ್ರ ಆ ಗೇಟಿನಲ್ಲಿ ಕೇಳಿದಷ್ಟನ್ನೇ. ಆ ದಿನ ಬಂದವನನ್ನು ತಿರುಗಿ ಕಳಿಸಿದೆ. ಆ ವರ್ಷ ನಾವು ಮೊದಲ ಪಂದ್ಯದಲ್ಲೇ ಸೋತೆವು.